ಗೂಡಿನಿಂದ ಚಿಟ್ಟೆ ಬಾರದ ಊರಿನಲ್ಲಿ

ಪಾಸ್ಕ ಹಬ್ಬ ಸಮೀಪಿಸುತ್ತಿದ್ದಂತೆ, ಪುನರುತ್ಥಾನದ ಅರ್ಥವನ್ನು ಮಕ್ಕಳಿಗೆ ಹೇಗೆ ತಿಳಿಸುವುದೆಂಬ ಚಿಂತೆ ಧರ್ಮೋಪದೇಶ ಕಲಿಸುವ ಎಲ್ಲರನ್ನೂ ಕಾಡುತ್ತದೆ. ಸತ್ತವರು ಎದ್ದುಬಂದುದನ್ನು ಯಾವ ಮಗುವೂ ಕಂಡಿಲ್ಲ; ಕಲಿಸುವವನೂ ಕಂಡಿಲ್ಲ. ಆದ್ದರಿಂದ ಕಣ್ಣಿಗೆ ಕಾಣುವ ಯಾವುದಾದರೊಂದನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಮೊಳಕೆಯೊಡೆಯುವ ಕಾಳು, ಮತ್ತೆ ಚಿಗುರುವ ಬೋಳುಮರ, ಮೊಟ್ಟೆಯೊಡೆದು ಬರುವ ಕೋಳಿಮರಿ, ಎಲ್ಲಕ್ಕಿಂತ ಹೆಚ್ಚಾಗಿ ಗೂಡು ತೂರಿ ಹೊರಬರುವ ಚಿಟ್ಟೆ. 2019ರ ತಪಸ್ಸುಕಾಲದಲ್ಲಿ ನಾನೂ ಹಾಗೆಯೇ ಮಾಡಿದೆ. ಕನಕಪುರ ಸೀಮೆಯ ನಮ್ಮ ಊರಿನಲ್ಲಿ ರೇಷ್ಮೆ ಹುಳು ಸಾಕದ ಮನೆಗಳು ಕಡಿಮೆ. ಮಕ್ಕಳಿಗೆ ಪರಿಚಿತವಾದುದರಿಂದಲೇ ಆರಂಭಿಸೋಣವೆಂದು ದೊಡ್ಡ ಹಾಳೆಯೊಂದರಲ್ಲಿ ಮೊಟ್ಟೆ, ಹುಳು, ಗೂಡು, ಚಿಟ್ಟೆಗಳ ಚಿತ್ರವನ್ನು ವೃತ್ತಾಕಾರವಾಗಿ ಬರೆದು ಗೋಡೆಗೆ ಅಂಟಿಸಿದೆ. ಹುಳು ತನ್ನ ಸಮಾಧಿಯನ್ನು ತಾನೇ ಕಟ್ಟಿಕೊಂಡು ಅದರೊಳಗೆ ಮಲಗುತ್ತದೆ, ಕೆಲವು ದಿನಗಳ ಮೇಲೆ ರೆಕ್ಕೆ ಪಡೆದು ಹೊರಗೆ ಬರುತ್ತದೆ, ಪ್ರಭು ಯೇಸು ಹಾಗೆಯೇ ಎದ್ದುಬಂದರು, ನಾವೂ ಒಂದು ದಿನ ಹಾಗೆಯೇ ಏಳುವೆವು ಎಂದು ಹೇಳಿದೆ. ಪಾಠ ಚೆನ್ನಾಗಿ ನಡೆಯಿತೆಂದೇ ನನ್ನ ಭಾವನೆಯಾಗಿತ್ತು.

ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಮ್ಮನೇಲಿ ಗೂಡಿಂದ ಚಿಟ್ಟೆ ಬರಾಕಿಲ್ಲ. ಅಪ್ಪ ಮಾರ್ಕೆಟ್ಟಿಗೆ ತಗೊಂಡೋಯ್ತದೆ. ಅಲ್ಲಿಂದ ತಗೊಂಡೋರು ಬಿಸಿನೀರಲ್ಲಿ ಬೇಯಿಸ್ತಾರೆ" ಎಂದಳು. ಉಳಿದ ಮಕ್ಕಳು ಗೊಳ್ಳೆಂದು ನಕ್ಕರು. ಆಕೆ ನಗಲಿಲ್ಲ. "ಹಂಗಾದ್ರೆ ಆ ಹುಳ ಏಳಾಕಿಲ್ವಾ?" ಎಂದು ಕೇಳಿದಳು. ಆಕೆಯ ಅಜ್ಜಿ ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದರು. ಹುಳುವಿನ ಮಾತು ಬರಿಯ ಹುಳುವಿನ ಮಾತಲ್ಲವೆಂಬುದು ನನಗೆ ತಿಳಿಯಿತು. ಆದರೂ ಗಂಟೆ ಬಾರಿಸುವ ಹೊತ್ತಾಯಿತೆಂದು ನೆಪ ಹೇಳಿ ಪ್ರಾರ್ಥನೆ ಮಾಡಿಸಿ ಕಳುಹಿಸಿಬಿಟ್ಟೆ. ಮನೆಗೆ ಬಂದ ಮೇಲೆ ಊಟ ರುಚಿಸಲಿಲ್ಲ.

ಆ ಹೋಲಿಕೆ ನನ್ನ ಸ್ವಂತದ್ದೇನೂ ಅಲ್ಲ. ಧರ್ಮಸಭೆಯಲ್ಲಿ ಅದಕ್ಕೆ ಬಹಳ ಹಳೆಯ ಮನೆತನವಿದೆ. ನಾಲ್ಕನೆಯ ಶತಮಾನದ ಸಂತ ಬೆಸಿಲರು ಸೃಷ್ಟಿಯ ಆರು ದಿನಗಳನ್ನು ಕುರಿತು ನೀಡಿದ ಪ್ರಬೋಧನೆಗಳಲ್ಲಿ, ರೇಷ್ಮೆ ನೂಲು ಬಿಡಿಸುತ್ತ ಕುಳಿತ ಹೆಂಗಸರಿಗೆ, ಕೈಯಲ್ಲಿರುವ ಆ ಎಳೆಯನ್ನು ಕೊಟ್ಟ ಹುಳುವಿನ ರೂಪಾಂತರವನ್ನು ನೆನೆದು ಪುನರುತ್ಥಾನವನ್ನು ಮನಸ್ಸಿಗೆ ತಂದುಕೊಳ್ಳಿರೆಂದು ಹೇಳಿದ್ದಾರೆ. ಅವಿಲಾದ ಸಂತ ತೆರೇಸಮ್ಮನವರು 1577ರಲ್ಲಿ ಬರೆದ 'ಅಂತರಂಗದ ಕೋಟೆ' ಎಂಬ ಗ್ರಂಥದ ಐದನೆಯ ನಿವಾಸದಲ್ಲಿ ಆತ್ಮವನ್ನು ರೇಷ್ಮೆ ಹುಳುವಿಗೆ ಹೋಲಿಸುತ್ತಾರೆ. ಹುಳು ತನ್ನ ಗೂಡಿನಲ್ಲಿ ಸಾಯಬೇಕು, ಅದರಿಂದ ಬಿಳಿಯ ಪುಟ್ಟ ಚಿಟ್ಟೆ ಹೊರಡಬೇಕು ಎಂಬುದು ಅವರ ಧ್ಯಾನದ ತಿರುಳು. ಆದರೆ ಆ ಮಹಾಸಾಧ್ವಿಯ ಪ್ರಾಮಾಣಿಕತೆಯನ್ನು ನೋಡಿರಿ: ಇದನ್ನು ನಾನು ಕಣ್ಣಾರೆ ಕಂಡವಳಲ್ಲ, ಬೇರೆಯವರಿಂದ ಕೇಳಿದ್ದೇನೆ, ತಪ್ಪಿದ್ದರೆ ಹೊಣೆ ನನ್ನದಲ್ಲ ಎಂಬ ಅರ್ಥದ ಮಾತನ್ನೂ ಅಲ್ಲಿಯೇ ಸೇರಿಸಿದ್ದಾರೆ. ಕಾಣದೆ ಹೇಳಿದವರ ಮುಂದೆ ಕುಳಿತು ಕೇಳಿದವರೂ ಕಂಡವರಾಗಿರಲಿಲ್ಲ. ನನ್ನ ಮುಂದೆ ಕುಳಿತವರು ಮಾತ್ರ ಹುಟ್ಟಿದಾಗಿನಿಂದ ಹುಳುಮನೆಯ ಸದ್ದನ್ನು ಕೇಳುತ್ತ ಮಲಗಿದವರು.

ಹುಳುಮನೆಯ ಸದ್ದೆಂದರೆ ನಗರದ ಓದುಗರಿಗೆ ತಿಳಿಯಲಾರದು. ನಾಲ್ಕನೆಯ ಜ್ವರ ದಾಟಿದ ಹುಳುಗಳು ಸೊಪ್ಪು ತಿನ್ನುವಾಗ ಮಾಳಿಗೆಯ ಮೇಲೆ ಸೋನೆಮಳೆ ಬಿದ್ದಂತೆ ಕೇಳಿಸುತ್ತದೆ. ಹುಳು ಪೊರೆ ಕಳಚುವ ಮೊದಲು ತಲೆಯೆತ್ತಿ, ಆಹಾರ ಬಿಟ್ಟು, ಅಲುಗಾಡದೆ ನಿಲ್ಲುವ ಅವಸ್ಥೆಯನ್ನು ನಮ್ಮ ರೈತರು ಜ್ವರವೆಂದೇ ಕರೆಯುತ್ತಾರೆ. ಅಂತಹ ನಾಲ್ಕು ಜ್ವರಗಳು. ಮೊಟ್ಟೆಯಿಂದ ಹೊರಬಂದಾಗ ಇರುವೆಯಷ್ಟೇ ಇರುವ ಕಪ್ಪು ಜೀವ, ಸುಮಾರು 25 ದಿನಗಳೊಳಗೆ ಹತ್ತು ಸಾವಿರ ಪಟ್ಟು ತೂಕ ಹೆಚ್ಚಿಸಿಕೊಂಡು ಹಣ್ಣಾಗುತ್ತದೆ. ಹಣ್ಣಾದ ಹುಳುವಿನ ಮೈ ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಪಾರದರ್ಶಕವಾಗಿರುತ್ತದೆ. ಆಗ ಮನೆಮಂದಿಯೆಲ್ಲ, ಶಾಲೆಗೆ ಹೋಗುವ ಮಕ್ಕಳೂ ಸೇರಿ, ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಾರೆ. ತಲೆಯನ್ನು ಅತ್ತಿತ್ತ ಎಂಟರ ಆಕಾರದಲ್ಲಿ ಆಡಿಸುತ್ತ ಎರಡು ಮೂರು ದಿನ ಎಡೆಬಿಡದೆ ಅದು ನೂಲು ಸುತ್ತುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು 1000 ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಇಷ್ಟನ್ನೂ ನನ್ನ ತರಗತಿಯ ಮಕ್ಕಳು ಪುಸ್ತಕ ತೆರೆಯದೆ ಹೇಳಬಲ್ಲರು. ನಾನು ಅವರಿಗೆ ಕಲಿಸಲು ಹೊರಟಿದ್ದೆ.

ಗೂಡಿನೊಳಗೆ ನಡೆಯುವುದೇನು? ಹುಳು ಕೊನೆಯ ಬಾರಿ ಪೊರೆ ಕಳಚಿ ಕಂದುಬಣ್ಣದ ಕೋಶವಾಗುತ್ತದೆ. ಅದರ ಹಳೆಯ ಅಂಗಗಳಲ್ಲಿ ಹಲವು ಕರಗುತ್ತವೆ. ಆದರೆ ರೆಕ್ಕೆಯ ಮೊಗ್ಗುಗಳು ಹುಳುವಾಗಿದ್ದಾಗಲೇ ಅದರ ಮೈಯೊಳಗೆ ಇದ್ದವು. ಈಗ ಅವು ಬೆಳೆಯುತ್ತವೆ. ಉಸಿರಾಟ ನಿಲ್ಲುವುದಿಲ್ಲ. ಬೆರಳಿನಿಂದ ಮುಟ್ಟಿದರೆ ಕೋಶದ ಹಿಂಭಾಗ ಅಲುಗಾಡುತ್ತದೆ. ಅಂದರೆ ಗೂಡಿನೊಳಗಿನ ಹುಳು ಸತ್ತಿಲ್ಲ. ಸತ್ತ ಕೋಶದಿಂದ ಚಿಟ್ಟೆ ಎಂದಿಗೂ ಬರುವುದಿಲ್ಲ. ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನದು ಬದುಕಿದೆಯೇ ಕೊಳೆತಿದೆಯೇ ಎಂದು ಹೇಳಬಲ್ಲ ರೈತನಿಗೆ ಇದು ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ನನ್ನ ಹೋಲಿಕೆ ಎಲ್ಲಿ ನಿಲ್ಲುತ್ತದೆ? ನಮ್ಮ ವಿಶ್ವಾಸ ಸಾರುವುದು ಯೇಸುಸ್ವಾಮಿ ಸತ್ತಂತೆ ಕಂಡರು ಎಂದಲ್ಲ. ನಿಜವಾಗಿ ಸತ್ತರು, ಹೂಳಲ್ಪಟ್ಟರು ಎಂದು. ಚಿಟ್ಟೆಯ ಉಪಮೆಯನ್ನು ಅಕ್ಷರಶಃ ನಂಬಿದ ಮಗು, ಶಿಲುಬೆಯ ಮೇಲೆ ಸಂಭವಿಸಿದ್ದು ಒಂದು ಬಗೆಯ ನಿದ್ದೆಯೆಂದು ತಿಳಿದರೆ ಅದು ಮಗುವಿನ ತಪ್ಪಾಗದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಚಿಟ್ಟೆ ಹೊರಬರುವುದು ನಿಸರ್ಗದ ನಿಯಮ. ಪುನರುತ್ಥಾನ ನಿಯಮವಲ್ಲ, ದೇವರ ದಾನ. ನಾವು ಸಾವನ್ನು ಗೆಲ್ಲುವುದು ನಮ್ಮೊಳಗೆ ರೆಕ್ಕೆಯ ಮೊಗ್ಗುಗಳಿರುವುದರಿಂದಲ್ಲ.

ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಬಿತ್ತಿದ ಬೀಜ ಸತ್ತ ಹೊರತು ಜೀವ ತಳೆಯದೆಂದು ಹೇಳಿಲ್ಲವೇ, ಸಂತ ಯೊವಾನ್ನರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಭುವೇ ಗೋಧಿಯ ಕಾಳಿನ ಮಾತಾಡಿಲ್ಲವೇ ಎಂದು ಯಾರಾದರೂ ಕೇಳಬಹುದು. ಐದನೆಯ ತರಗತಿಯ ಹುಡುಗನೊಬ್ಬ ಒದ್ದೆ ಬಟ್ಟೆಯಲ್ಲಿ ಹುರುಳಿ ಕಟ್ಟಿ ಮೊಳಕೆ ಬರಿಸಿ, ಸತ್ತ ಕಾಳು ಮೊಳೆಯುವುದಿಲ್ಲವೆಂದು ತನ್ನ ವಿಜ್ಞಾನದ ಪುಸ್ತಕದಲ್ಲಿ ಬರೆದಿರುತ್ತಾನೆ. ಭಾನುವಾರ ಅವನಿಗೆ ಕಾಳು ಸಾಯಬೇಕೆಂದು ಹೇಳುತ್ತೇವೆ. ಅವನು ಎರಡು ಪುಸ್ತಕಗಳನ್ನು ಎರಡು ಚೀಲಗಳಲ್ಲಿ ಇಟ್ಟುಕೊಳ್ಳುವುದನ್ನು ಕಲಿಯುತ್ತಾನೆ. ಮುಂದೆ ಒಂದು ದಿನ ಒಂದು ಚೀಲವನ್ನು ಕೆಳಗಿಳಿಸುತ್ತಾನೆ. ಅದು ಯಾವ ಚೀಲವೆಂದು ಊಹಿಸುವುದು ಕಷ್ಟವಲ್ಲ. ಪೌಲರಾಗಲಿ ಪ್ರಭುವಾಗಲಿ ಸಸ್ಯಶಾಸ್ತ್ರ ಹೇಳುತ್ತಿರಲಿಲ್ಲ. ಮಣ್ಣಿನಲ್ಲಿ ಮರೆಯಾದ ಕಾಳು ರೈತನ ಕಣ್ಣಿಗೆ ಕಂಡಂತೆ, ರೈತನ ಮಾತಿನಲ್ಲಿ, ಆಡುತ್ತಿದ್ದರು. ಪೌಲರು ಆ ವಾದವನ್ನು ಮುಗಿಸುವ ರೀತಿಯನ್ನು ಗಮನಿಸಿದರೆ, ಕಾಳಿನ ಶಕ್ತಿಯ ಮೇಲೆ ಅವರು ಭಾರ ಹಾಕಿಲ್ಲ. ಅದಕ್ಕೆ ತಕ್ಕ ದೇಹವನ್ನು ಕೊಡುವವರು ದೇವರು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಇದನ್ನು ಮಗುವಿಗೆ ಹೇಳಲು ಐದು ನಿಮಿಷ ಸಾಕು. ಹೇಳದೆ ಬಿಡುವುದು ನಮ್ಮ ಸೋಮಾರಿತನ. ಸಂತ ಅಗಸ್ಟೀನರು ಆದಿಕಾಂಡವನ್ನು ಕುರಿತ ತಮ್ಮ ವ್ಯಾಖ್ಯಾನದಲ್ಲಿ, ಕ್ರೈಸ್ತರು ಪವಿತ್ರ ಗ್ರಂಥದ ಹೆಸರಿನಲ್ಲಿ ಭೂಮಿ ಆಕಾಶ ಪ್ರಾಣಿ ಗಿಡಗಳ ವಿಷಯದಲ್ಲಿ ಅಸಂಬದ್ಧವಾಗಿ ಮಾತಾಡಿದರೆ, ಅದನ್ನು ಬಲ್ಲ ಅನ್ಯರು ಪುನರುತ್ಥಾನದ ಮಾತನ್ನೂ ನಂಬದೆ ಹೋಗುವರೆಂದು ಎಚ್ಚರಿಸಿದ್ದಾರೆ. ಇಲ್ಲಿ ಬಲ್ಲವರು ಅನ್ಯರಲ್ಲ, ನಮ್ಮದೇ ಮಕ್ಕಳು.

ಇಷ್ಟಾದರೂ ಆ ಹುಡುಗಿಯ ಪ್ರಶ್ನೆಯನ್ನು ನಾನಿನ್ನೂ ಮುಟ್ಟಿಲ್ಲ. ಆಕೆ ಕೇಳಿದ್ದು ಹೊರಬರುವ ಚಿಟ್ಟೆಯ ಕುರಿತಲ್ಲ, ಹೊರಬಾರದ ಹುಳುವಿನ ಕುರಿತು. ಚಿಟ್ಟೆ ಗೂಡನ್ನು ತೂರಿ ಬಂದರೆ ಎಳೆ ತುಂಡಾಗುತ್ತದೆ, ನೂಲು ಬಿಚ್ಚಲಾಗುವುದಿಲ್ಲ. ಆದ್ದರಿಂದ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆಗೆ ಹೋಗುವ ಗೂಡುಗಳೊಳಗಿನ ಜೀವಗಳು ಬಿಸಿಗಾಳಿಯಲ್ಲಿಯೋ ಹಬೆಯಲ್ಲಿಯೋ ಕೊನೆಗಾಣುತ್ತವೆ. ಬಿತ್ತನೆ ಕೋಠಿಗಳಲ್ಲಿ ಮಾತ್ರ ಚಿಟ್ಟೆ ಹೊರಬರಲು ಬಿಡುತ್ತಾರೆ. ಅಲ್ಲಿಯೂ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಗಂಟುರೋಗದ ಕಣಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಇನ್ನು ಮನುಷ್ಯನ ಕೈಯಿಲ್ಲದೆ ಬರುವ ಸಾವುಗಳು ಬೇರೆ. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ರೋಗಗಳು ಒಂದೆರಡು ದಿನಗಳಲ್ಲಿ ಇಡೀ ಬೆಳೆಯನ್ನು ತಿಪ್ಪೆಗೆ ಸೇರಿಸಬಲ್ಲವು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಅಕಸ್ಮಾತ್ತಾಗಿ ಕರ್ನಾಟಕಕ್ಕೆ ಬಂದ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ; ಅದರ ಮರಿ ಹುಳುವಿನ ಚರ್ಮ ಕೊರೆದು ಒಳಹೊಕ್ಕು, ಬದುಕಿರುವ ಹುಳುವನ್ನೇ ಒಳಗಿನಿಂದ ತಿಂದು ಬೆಳೆದು, ಕೆಲವೊಮ್ಮೆ ಗೂಡು ಕಟ್ಟಿದ ಮೇಲೆ ಅದನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಚಿಟ್ಟೆಗಾಗಿ ಕಾದವರ ಮುಂದೆ ಹೊರಬರುವುದು ನೊಣದ ಮರಿ! ಆ ನೊಣವನ್ನು ಹತೋಟಿಗೆ ತರಲು, ಅದರ ಕೋಶದೊಳಗೆ ತನ್ನ ಮೊಟ್ಟೆಯಿಡುವ ನೆಸೋಲಿಂಕ್ಸ್ ಎಂಬ ಸಣ್ಣ ಕಣಜದಂತಹ ಕೀಟವನ್ನು ವಿಜ್ಞಾನಿಗಳು ರೈತರಿಗೆ ಒದಗಿಸಿದ್ದಾರೆ. ತಿನ್ನುವುದನ್ನು ತಿನ್ನುವುದು.

1860ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಸ್ನೇಹಿತನೂ ವಿಶ್ವಾಸಿಯೂ ಆಗಿದ್ದ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಜೀವಂತ ಹುಳುಗಳ ಒಡಲನ್ನು ತಿಂದು ಬೆಳೆಯುವ ಇಂತಹುದೇ ಕೀಟಗಳನ್ನು ದಯಾಮಯನಾದ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಲು ತನಗೆ ಸಾಧ್ಯವಾಗುತ್ತಿಲ್ಲವೆಂದು ತೋಡಿಕೊಂಡ. ಊಜಿ ಹಿಡಿದ ಹುಳುವಿನ ಮೈಮೇಲಿನ ಕಪ್ಪು ಚುಕ್ಕೆಯನ್ನು ನೋಡಿ ಆರಿಸಿ ಹಾಕುವ ನಮ್ಮೂರಿನ ಹತ್ತು ವರ್ಷದ ಮಗುವಿಗೆ ಡಾರ್ವಿನ್ನನ ಪತ್ರ ಬೇಕಿಲ್ಲ. ಸಂಗತಿ ಅದಕ್ಕೆ ಗೊತ್ತು. ಅದನ್ನು ದೇವರ ಎದುರು ಕೇಳಬಹುದೆಂಬುದು ಮಾತ್ರ ಗೊತ್ತಿಲ್ಲ, ಏಕೆಂದರೆ ನಾವು ದೇವಾಲಯದಲ್ಲಿ ಗುಲಾಬಿ, ನವಿಲು, ಕಾಮನಬಿಲ್ಲುಗಳನ್ನಷ್ಟೇ ಸೃಷ್ಟಿಯೆಂದು ಕರೆಯುತ್ತೇವೆ.

ಸಾಮಾನ್ಯವಾಗಿ ನಾವು ಕೊಡುವ ಉತ್ತರವೆಂದರೆ, ಇದೆಲ್ಲ ಆದಾಮನ ಪಾಪದಿಂದ ಬಂದುದು ಎಂಬುದು. ನಾನೂ ವರ್ಷಗಳ ಕಾಲ ಇದನ್ನೇ ಹೇಳಿದ್ದೇನೆ. ಇಂದು ಹೇಳಲಾರೆ. ಮನುಷ್ಯನು ಭೂಮಿಗೆ ಬರುವ ಕೋಟ್ಯಂತರ ವರ್ಷಗಳ ಮೊದಲಿನ ಪಳೆಯುಳಿಕೆಗಳಲ್ಲಿ ಒಂದು ಪ್ರಾಣಿಯ ಎಲುಬಿನ ಮೇಲೆ ಇನ್ನೊಂದರ ಹಲ್ಲಿನ ಗುರುತುಗಳಿವೆ. 1996ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ನೀಡಿದ ಸಂದೇಶದಲ್ಲಿ ವಿಕಾಸವಾದವನ್ನು ಬರಿಯ ಊಹೆಗಿಂತ ಹೆಚ್ಚಿನದೆಂದು ಒಪ್ಪಿಕೊಂಡರು. ಆದರೆ ಪಳೆಯುಳಿಕೆಗಳಿಗಾಗಿ ಕಾಯಬೇಕಾಗಿಯೂ ಇರಲಿಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಾಸ್ ಅಕ್ವಿನಾಸರು, ಮನುಷ್ಯನ ಪಾಪದಿಂದ ಪ್ರಾಣಿಗಳ ಸ್ವಭಾವ ಬದಲಾಗಲಿಲ್ಲ, ಇಂದು ಮಾಂಸ ತಿನ್ನುವ ಸಿಂಹ ಅಂದು ಹುಲ್ಲು ಮೇಯುತ್ತಿರಲಿಲ್ಲ ಎಂದು ತರ್ಕಿಸಿದ್ದರು. ಮರಣವನ್ನು ದೇವರು ಮಾಡಲಿಲ್ಲವೆಂದು ಜ್ಞಾನಗ್ರಂಥ ಹೇಳುತ್ತದಲ್ಲ ಎಂದರೆ, ಆ ಮಾತಿನ ಸಂದರ್ಭ ಮನುಷ್ಯನದು. ದೇವರೊಂದಿಗಿನ ಸಂಬಂಧ ಕಡಿದುಕೊಂಡವನ ಸಾವಿನದು. ಅದನ್ನು ಹುಳುವಿಗೆ ಎಳೆಯುವುದು ಸರಿಯೆನಿಸುವುದಿಲ್ಲ. ಮಗುವೂ ಒಪ್ಪುವುದಿಲ್ಲ. ಯಾರೋ ತಿಂದ ಹಣ್ಣಿಗೆ ಹುಳುವಿಗೇಕೆ ಶಿಕ್ಷೆ ಎಂದು ಕೇಳಿದರೆ ಏನೆನ್ನುವುದು?

1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 310ನೆಯ ಪರಿಚ್ಛೇದ ನನಗೆ ಹೆಚ್ಚು ನೆರವಾಯಿತು. ದೇವರು ಜಗತ್ತನ್ನು ಪೂರ್ಣಗೊಳಿಸಿ ಇಟ್ಟಿಲ್ಲ, ಪೂರ್ಣತೆಯ ಕಡೆಗೆ ಸಾಗುವ ಪಯಣದಲ್ಲಿ ಇಟ್ಟಿದ್ದಾರೆ. ಆ ಪಯಣದಲ್ಲಿ ಒಂದರ ಹುಟ್ಟಿನೊಂದಿಗೆ ಇನ್ನೊಂದರ ಅಳಿವು, ಕಟ್ಟುವುದರೊಂದಿಗೆ ಕೆಡವುವುದು ಸೇರಿಕೊಂಡಿದೆ ಎಂಬುದು ಅಲ್ಲಿನ ತಾತ್ಪರ್ಯ. ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಇಡೀ ಸೃಷ್ಟಿಯ ನರಳಾಟವನ್ನು ಹೆರಿಗೆಯ ನೋವಿಗೆ ಹೋಲಿಸಿದ್ದೂ ನೆನಪಾಗುತ್ತದೆ. ಇದರಿಂದ ಹುಳುವಿನ ನೋವಿಗೆ ಸಮಾಧಾನ ದೊರೆಯಿತೆಂದು ನಾನು ಹೇಳುತ್ತಿಲ್ಲ. ಇಷ್ಟು ಮಾತ್ರ: ನಿಸರ್ಗವನ್ನು ಸಿಹಿಯಾಗಿಸದೆ ಮಗುವಿನ ಮುಂದಿಡಲು ವಿಶ್ವಾಸಿಗೆ ಅನುಮತಿಯಿದೆ.

ದೊಡ್ಡ ಮಕ್ಕಳಿಗೆ ನಾನು ಲೂಯಿ ಪಾಶ್ಚರನ ಸಂಗತಿಯನ್ನೂ ಹೇಳುತ್ತೇನೆ. ದಕ್ಷಿಣ ಫ್ರಾನ್ಸಿನಲ್ಲಿ ಗಂಟುರೋಗದಿಂದ ರೇಷ್ಮೆ ಕಸುಬು ನೆಲಕಚ್ಚಿದಾಗ, 1865ರಲ್ಲಿ, ಅದುವರೆಗೆ ರೇಷ್ಮೆ ಹುಳುವನ್ನೇ ಮುಟ್ಟಿ ನೋಡಿರದ ಆ ರಸಾಯನಶಾಸ್ತ್ರಜ್ಞನನ್ನು ಅಲ್ಲಿಗೆ ಕಳುಹಿಸಲಾಯಿತು. ಅದೇ ವರ್ಷ ಅವನ ತಂದೆ ತೀರಿಕೊಂಡರು. ಎರಡು ವರ್ಷದ ಮಗಳು ಕಮೀಲ್ ತೀರಿಕೊಂಡಳು. ಮರುವರ್ಷ ಹನ್ನೆರಡು ವರ್ಷದ ಸೆಸಿಲ್ ವಿಷಮಜ್ವರದಿಂದ ಹೋದಳು. ಹಿರಿಯ ಮಗಳು 1859ರಲ್ಲಿಯೇ ಇಲ್ಲವಾಗಿದ್ದಳು. 1868ರಲ್ಲಿ ಅವನಿಗೇ ಪಾರ್ಶ್ವವಾಯು ಬಡಿಯಿತು. ಆ ವರ್ಷಗಳಲ್ಲೆಲ್ಲ ಅವನು ತಾಯಿ ಚಿಟ್ಟೆಗಳನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಲೇ ಇದ್ದ. ಇಂದು ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವ ಪರೀಕ್ಷೆ ಅವನು ತೋರಿಸಿಕೊಟ್ಟದ್ದೇ. ಈ ಕಥೆ ಹೇಳಿದಾಗ ಮಕ್ಕಳು ಸುಮ್ಮನಾಗುತ್ತಾರೆ. ಇದರ ನೀತಿ ಏನು ಸಾರ್ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿರಲೆಂದೇ ನನ್ನ ಆಸೆ.

ಮುಂದಿನ ಭಾನುವಾರ ಗರಿಗಳ ಹಬ್ಬ. ಹಿಂದಿನ ವಾರವೇ ಹೇಳಿ ಕಳುಹಿಸಿದ್ದೆ: ಗೂಡು ಬಿಡಿಸುವ ಮನೆಗಳವರು ಐದೈದು ಗೂಡು ಕೊಟ್ಟರೆ ಸಾಕು, ಅವನ್ನು ಮಾರುಕಟ್ಟೆಗೆ ಕಳುಹಿಸದೆ ತರಗತಿಯಲ್ಲಿ ಇಡೋಣ ಎಂದು. ಆ ಹುಡುಗಿಯ ತಂದೆ ಸ್ವತಃ ಬಂದರು. ಕೈಯಲ್ಲಿ ಗೂಡಿನ ಪೊಟ್ಟಣವಿತ್ತು, ಮುಖದಲ್ಲಿ ಅಸಮಾಧಾನವೂ ಇತ್ತು. "ಐದು ಗೂಡು ದೊಡ್ಡದಲ್ಲ ಸಾರ್. ಆದ್ರೆ ಮಕ್ಕಳಿಗೆ ಹುಳದ ಮ್ಯಾಲೆ ಕನಿಕರ ಹೇಳಿಕೊಟ್ರೆ ನಾಳೆ ಸೊಪ್ಪು ಹಾಕಕ್ಕೆ ಯಾರು ಬತ್ತಾರೆ? ಈ ಹುಳ ಸಾಕಿಯೇ ನಾವು ಅವಳ ಸ್ಕೂಲು ಫೀಸು ಕಟ್ಟೋದು. ನಮ್ಮವ್ವನ ಆಸ್ಪತ್ರೆ ಖರ್ಚೂ ಇದರಿಂದಲೇ ಆಗಿದ್ದು" ಎಂದರು. ಅವರ ಮಾತಿಗೆ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ನಾನು ತೊಟ್ಟ ಬಟ್ಟೆಯಲ್ಲಿ ರೇಷ್ಮೆ ಇರಲಿಲ್ಲವೆಂಬುದೇನೋ ನಿಜ. ಆದರೆ ನಮ್ಮ ಗುರುಗಳು ಹಬ್ಬದ ಪೂಜೆಗೆ ಧರಿಸುವ ಉಡುಪು ಯಾವುದರದು?

ಈ ತಂದೆಯ ಮಾತನ್ನು ಹಗುರಾಗಿ ತೆಗೆದುಕೊಳ್ಳುವವರೊಂದಿಗೆ ನನಗೆ ಸಹಮತವಿಲ್ಲ. ನಗರದಲ್ಲಿ ಕುಳಿತು ಚಿಟ್ಟೆ ಹೊರಬಂದ ಮೇಲೆ ತೆಗೆದ ಅಹಿಂಸಾ ರೇಷ್ಮೆಯನ್ನು ಕೊಳ್ಳುವ ಮನಸ್ಸು ಒಳ್ಳೆಯದೇ. ಅದರ ಬೆಲೆ ತೆರಲಾಗದವರ ಬದುಕನ್ನು ತೂಗುವ ಹಕ್ಕು ಅದರಿಂದ ಬರುವುದಿಲ್ಲ. ಇನ್ನೊಂದು ಕಡೆ, ಹುಳು ಇರುವುದೇ ನಮಗಾಗಿ, ಆದಿಕಾಂಡದಲ್ಲಿ ದೇವರು ಎಲ್ಲದರ ಮೇಲೂ ನಮಗೆ ಒಡೆತನ ಕೊಟ್ಟಿದ್ದಾರೆ, ಅಲ್ಲಿಗೆ ಮಾತು ಮುಗಿಯಿತು ಎನ್ನುವವರನ್ನೂ ನಾನು ಒಪ್ಪಲಾರೆ. ರೇಷ್ಮೆ ಹುಳುವಿನಷ್ಟು ಪೂರ್ತಿಯಾಗಿ ನಮ್ಮ ಒಡೆತನಕ್ಕೆ ಬಂದ ಜೀವ ವಿರಳ. ಸಾವಿರಾರು ವರ್ಷ ಮನುಷ್ಯನ ಮನೆಯಲ್ಲಿ ಬೆಳೆದು ಅದು ಕಾಡನ್ನು ಮರೆತಿದೆ. ಸೊಪ್ಪನ್ನು ಹುಡುಕಿಕೊಂಡು ಹೋಗಲಾರದು. ಅದರ ಚಿಟ್ಟೆ ಹಾರಲಾರದು. ನಾವು ಕೈಬಿಟ್ಟರೆ ಅದರ ಕುಲವೇ ಇಲ್ಲ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ಪರಿಪತ್ರದಲ್ಲಿ ಪ್ರತಿಯೊಂದು ಜೀವಿಗೂ ನಮ್ಮ ಉಪಯೋಗವನ್ನು ಮೀರಿದ ತನ್ನದೇ ಬೆಲೆ ದೇವರ ಕಣ್ಣಿನಲ್ಲಿದೆಯೆಂದು ಬರೆದಾಗ, ಆ ಮಾತು ಹುಲಿ ಆನೆಗಳಿಗಷ್ಟೇ ಸಲ್ಲುವುದೆಂದು ಹೇಳಲಿಲ್ಲ. ಒಡೆತನವೆಂದರೆ ಈ ಅವಲಂಬನೆಯ ಭಾರ. ಆ ತಂದೆ ಅದನ್ನು ನನಗಿಂತ ಚೆನ್ನಾಗಿ ಹೊತ್ತವರು. ಹಣ್ಣಾಗುವ ಹೊತ್ತಿನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟವರು, ಸೆಕೆ ಹೆಚ್ಚಾದರೆ ತಾವು ಬಿಸಿಲಿನಲ್ಲಿದ್ದು ಹುಳುಮನೆಗೆ ಒದ್ದೆ ಗೋಣಿ ಕಟ್ಟಿದವರು. ನಾನು ಅವರಿಗೆ ಹೇಳಿದ್ದು ಇಷ್ಟೇ: "ಕನಿಕರ ನಾನು ಹೇಳಿಕೊಡಬೇಕಾಗಿಲ್ಲ ಅಪ್ಪಾ, ಅವಳಿಗೆ ಅದು ಆಗಲೇ ಇದೆ. ಅದನ್ನು ಮುಚ್ಚಿಡುವುದನ್ನು ನಾನು ಕಲಿಸಲಾರೆ." ಅವರು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ರಟ್ಟಿನ ಪೆಟ್ಟಿಗೆಯಲ್ಲಿ ಹಳದಿ ಗೂಡುಗಳನ್ನು ಹರವಿ ಇಟ್ಟೆವು. ಪಾಸ್ಕದ ಬೆಳಿಗ್ಗೆ ಚಿಟ್ಟೆಗಳು ಬರಲಿ ಎಂಬ ಆಸೆ ನನಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕೀಟಗಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ಶುಭ ಶುಕ್ರವಾರದ ಬೆಳಿಗ್ಗೆ ಕೊಠಡಿಯ ಬೀಗ ತೆಗೆದಾಗಲೇ ಏಳೆಂಟು ಚಿಟ್ಟೆಗಳು ಬಂದಿದ್ದವು. ಭಾನುವಾರ ಮಕ್ಕಳು ಬಂದು ನೋಡುವಷ್ಟರಲ್ಲಿ ಗಂಡುಹೆಣ್ಣು ಕೂಡಿ, ಕಾಗದದ ತುಂಬ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು. ಕೆಲವು ಗೂಡುಗಳಿಂದ ಏನೂ ಬಂದಿರಲಿಲ್ಲ. ಎರಡರಲ್ಲಿ ಸಣ್ಣ ದುಂಡು ತೂತು. ಪೆಟ್ಟಿಗೆಯ ಮೂಲೆಯಲ್ಲಿ ಊಜಿಯ ಕಂದು ಕೋಶಗಳು. ಒಬ್ಬ ಹುಡುಗ ಅವನ್ನು ಕಾಲಿನಿಂದ ಹೊಸಕಿದ, ನಾನು ತಡೆಯಲಿಲ್ಲ. ಚಿಟ್ಟೆಗಳನ್ನು ಕಂಡು ಕಿರಿಯರಿಗೆ ನಿರಾಸೆಯಾಯಿತು. ಬೆಳ್ಳಗೆ, ದಪ್ಪಗೆ, ರೆಕ್ಕೆ ಬಡಿಯುತ್ತ ಇದ್ದಲ್ಲೇ ಸುತ್ತುವ ಜೀವಗಳು. ಹಾರುವುದಿಲ್ಲ. ತಿನ್ನುವುದೂ ಇಲ್ಲ, ತಿನ್ನಲು ಬಾಯಿಯೇ ಬೆಳೆದಿರುವುದಿಲ್ಲ. ಒಂದು ವಾರದೊಳಗೆ ಸಾಯುತ್ತವೆಂದು ಹೇಳಿದೆ. "ಇದಕ್ಕೆ ಅಷ್ಟೊಂದು ಕಷ್ಟಪಟ್ಟು ಹೊರಗೆ ಬತ್ತದಾ?" ಎಂದ ಒಬ್ಬ. ಗೋಡೆಯ ಮೇಲಿದ್ದ ನನ್ನ ಚಿತ್ರದಲ್ಲಿ ಚಿಟ್ಟೆಗೆ ನಾನು ಕಾಮನಬಿಲ್ಲಿನ ಬಣ್ಣ ಹಚ್ಚಿದ್ದೆ. ಅದನ್ನು ಆ ದಿನ ಕಿತ್ತುಹಾಕಿದೆ.

ತರಗತಿ ಮುಗಿದ ಮೇಲೆ ಹುಡುಗಿ ಪೆಟ್ಟಿಗೆಯ ಬಳಿಯೇ ನಿಂತಿದ್ದಳು. ಎರಡು ವಾರಗಳಿಂದ ನಾನು ಸಿದ್ಧಪಡಿಸಿಕೊಂಡಿದ್ದ ಮಾತುಗಳು ಆ ಹೊತ್ತಿಗೆ ಉದ್ದವೆನಿಸಿದವು. ಆಕೆಗೆ ಹೇಳಿದೆ: "ಹುಳುವಿನ ವಿಷಯ ನನಗೆ ಗೊತ್ತಿರುವುದು ನೀನು ನೋಡಿದಷ್ಟೇ ಮಗಳೇ. ಬೇಯಿಸಿದ ಹುಳು ಎದ್ದು ಬರುವುದನ್ನು ನಾನು ಕಂಡಿಲ್ಲ. ಆದರೆ ನಿಮ್ಮ ಅಜ್ಜಿಯ ವಿಷಯ ನನಗೆ ಹುಳುವಿನಿಂದ ಗೊತ್ತಾದುದಲ್ಲ. ಯೇಸುಸ್ವಾಮಿ ಮಾತು ಕೊಟ್ಟಿದ್ದಾರೆ. ಅವರು ನಿಜವಾಗಿ ಸತ್ತು, ಸಮಾಧಿಯಲ್ಲಿದ್ದು, ಎದ್ದು ಬಂದು, ಸ್ನೇಹಿತರನ್ನು ಹೆಸರು ಹಿಡಿದು ಕರೆದವರು. ನಿಮ್ಮ ಅಜ್ಜಿಯ ಹೆಸರೂ ಅವರಿಗೆ ಗೊತ್ತು." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳಕ್ಕೆ ಹೆಸರಿಲ್ಲ" ಎಂದಳು. ಹೌದೆಂದೆ. ಗುಬ್ಬಿಗಳಲ್ಲಿ ಒಂದನ್ನೂ ದೇವರು ಮರೆಯುವುದಿಲ್ಲವೆಂದು ಶುಭಸಂದೇಶದಲ್ಲಿ ಇರುವುದನ್ನು ನೆನಪಿಸಬಹುದಾಗಿತ್ತು. ಹುಳುಗಳಿಗೆ ಅದು ಹೇಗೆ ಅನ್ವಯಿಸುತ್ತದೆಂದು ಆಕೆ ಮತ್ತೆ ಕೇಳಿದ್ದರೆ ನನ್ನ ಬಳಿ ಹೆಚ್ಚಿನ ಮಾತಿರಲಿಲ್ಲ, ಇಂದಿಗೂ ಇಲ್ಲ.

ಮೊಟ್ಟೆಗಳನ್ನು ಮನೆಗೆ ಒಯ್ಯುವೆನೆಂದು ಆಕೆ ಹಟ ಹಿಡಿದಳು. ಅದಕ್ಕೆ ಮಾತ್ರ ತಂದೆ ಒಪ್ಪಲಿಲ್ಲ. ತಾಯಿ ಚಿಟ್ಟೆಯನ್ನು ಪರೀಕ್ಷಿಸದ ಮೊಟ್ಟೆ ಹುಳುಮನೆಗೆ ಬಂದರೆ ಗಂಟುರೋಗ ಬಂದು ಊರಿಗೂರೇ ಕೂರಬೇಕಾದೀತು ಎಂದರು. ಅವರ ಮಾತೇ ಸರಿ. ಹಾಳೆಯನ್ನು ಊರ ಹೊರಗಿನ ಆ ಕೊಠಡಿಯಲ್ಲಿಯೇ ಉಳಿಸಿಕೊಂಡೆವು, ಅದನ್ನು ಮುಟ್ಟಿದವರು ಸ್ನಾನ ಮಾಡದೆ ಹುಳುಮನೆ ಹೊಗಬಾರದೆಂಬ ಷರತ್ತಿನ ಮೇಲೆ.

ಪಾಸ್ಕದ ಎರಡನೆಯ ಭಾನುವಾರ ಪೂಜೆಯಲ್ಲಿ ಸಂತ ತೋಮರು ಗಾಯಗಳನ್ನು ಮುಟ್ಟಿ ನೋಡಬೇಕೆಂದ ಶುಭಸಂದೇಶದ ಭಾಗ ಓದಲಾಯಿತು. ಅದನ್ನೇ ತರಗತಿಯಲ್ಲಿ ವಿವರಿಸಬೇಕೆಂದು ಪುಸ್ತಕ ತೆರೆದಿದ್ದೆ. ಪೆಟ್ಟಿಗೆಯ ಕಡೆ ಹೋದ ಮಕ್ಕಳು ಕೂಗಿಕೊಂಡರು. ಹಾಳೆಯ ಮೇಲಿನ ಮೊಟ್ಟೆಗಳು ಒಡೆದು, ಕರಿಯ ದಾರದ ಚೂರುಗಳಂತಹ ಮರಿಗಳು ಹರಿದಾಡುತ್ತಿದ್ದವು. ಯಾರೂ ಸೊಪ್ಪು ತಂದಿರಲಿಲ್ಲ. ಒಬ್ಬ ಹುಡುಗ ಕಾಂಪೌಂಡು ಹಾರಿ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಓಡಿದ. ಹುಡುಗಿ ತುದಿಯ ಎಳೆ ಎಲೆಗಳನ್ನಷ್ಟೇ ಆರಿಸಿ, ಬೆರಳಿನಿಂದ ಸಣ್ಣಗೆ ಹರಿದು, ಮರಿಗಳ ಮೇಲೆ ಒಂದೊಂದಾಗಿ ಉದುರಿಸತೊಡಗಿದಳು. ಸಹಾಯ ಮಾಡೋಣವೆಂದು ನಾನೂ ಒಂದು ಎಲೆ ಎತ್ತಿಕೊಂಡೆ.

"ಸಾರ್, ನೀವು ಕೈ ತೊಳ್ಕೊಂಡಿಲ್ಲ" ಎಂದಳು.